ಐರ್ಲೆಂಡಿನ ಕಳ್ಳ ರೇಡಿಯೋಗಳು ಮತ್ತು ಶ್ರುತಿ ನಿಲ್ಲಿಸುವ ಕಷ್ಟ

ಗಲ್ಫ್‌ನ ಆಸ್ಪತ್ರೆಗಳಲ್ಲಿ ದುಡಿಯುವ ನಮಗೆ ಐರ್ಲೆಂಡ್ ಎಂದರೆ ನರ್ಸ್‌ಗಳು ಹೋಗುವ ದೇಶ. ಉಡುಪಿ, ಮಂಗಳೂರು, ಕಾಸರಗೋಡು ಕಡೆಯವರು ಇಲ್ಲಿ ನಾಲ್ಕೈದು ವರ್ಷ ಅನುಭವ ಮಾಡಿಕೊಂಡು, ಇಂಗ್ಲಿಷ್ ಪರೀಕ್ಷೆ ಬರೆದು, ಒಂದು ದಿನ ಡಬ್ಲಿನ್ ವಿಮಾನ ಹತ್ತುತ್ತಾರೆ. ಆಮೇಲೆ ಅಲ್ಲಿಂದ ಬರುವ ಸುದ್ದಿಯೆಲ್ಲ ಮಳೆಯದು, ಮನೆ ಬಾಡಿಗೆಯದು. ಆ ಪುಟ್ಟ ದೇಶಕ್ಕೆ ಒಂದು ವಿಚಿತ್ರವಾದ ರೇಡಿಯೋ ಚರಿತ್ರೆ ಇದೆ. ಪರವಾನಗಿ ಇಲ್ಲದೆ, ಹಳೆಯ ವಾಲ್ವ್‌ಗಳನ್ನು ಮನೆಯಲ್ಲೇ ಜೋಡಿಸಿ ರೇಡಿಯೋ ನಿಲಯ ಕಟ್ಟಿದವರು ಅಲ್ಲಿ ಬಹಳ ಜನ. ಪೊಲೀಸರ ಭಯ ಅವರಿಗೆ ಇತ್ತು, ಆದರೆ ಪೊಲೀಸರು ಬರುವುದು ಎಂದೋ ಒಂದು ದಿನ. ಪ್ರತಿ ದಿನದ ಕಾಟ ಇನ್ನೊಂದಿತ್ತು: ಟ್ರಾನ್ಸ್‌ಮಿಟರ್ ಇಟ್ಟ ಕಂಪನಾಂಕದಲ್ಲಿ, ಅಂದರೆ ಫ್ರೀಕ್ವೆನ್ಸಿಯಲ್ಲಿ, ನಿಲ್ಲುತ್ತಿರಲಿಲ್ಲ. ಅದು ಎಷ್ಟು ಜಾರುತ್ತಿದೆ ಎಂದು ಅಳೆಯುವುದು, ಜಾರದಂತೆ ಹಿಡಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕತೆ ಶುರುವಾಗುವುದು ಒಂದು ದಂಗೆಯಿಂದ. 1916ರ ಏಪ್ರಿಲ್ 24, ಈಸ್ಟರ್ ಸೋಮವಾರ, ಬ್ರಿಟಿಷರ ವಿರುದ್ಧ ಎದ್ದ ಐರಿಷ್ ಹೋರಾಟಗಾರರು ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯನ್ನು ಹಿಡಿದುಕೊಂಡರು. ಅಲ್ಲೇ ಹತ್ತಿರ, ಬೀದಿಯ ಆಚೆ ಬದಿಯಲ್ಲಿ, ವೈರ್‌ಲೆಸ್ ಕಲಿಸುವ ಶಾಲೆಯೊಂದಿತ್ತು. ಮಹಾಯುದ್ಧ ಆರಂಭವಾದಾಗಲೇ ಸರ್ಕಾರ ಅದಕ್ಕೆ ಬೀಗ ಜಡಿದಿತ್ತು. ನಾಯಕ ಜೋಸೆಫ್ ಪ್ಲಂಕೆಟ್ ಕೆಲವರನ್ನು ಅಲ್ಲಿಗೆ ಕಳಿಸಿದರು. ಅವರು ಬಿಚ್ಚಿಹಾಕಿದ್ದ ಯಂತ್ರವನ್ನು ರಿಪೇರಿ ಮಾಡಿ, ಗುಂಡು ಹಾರುತ್ತಿರುವಾಗಲೇ ಛಾವಣಿಯ ಮೇಲೆ ಏರಿಯಲ್ ಕಟ್ಟಿ, ಮರುದಿನ ಮೋರ್ಸ್ ಸಂಕೇತದಲ್ಲಿ ಐರಿಷ್ ಗಣರಾಜ್ಯ ಘೋಷಣೆಯಾಗಿದೆ ಎಂದು ಸುದ್ದಿ ಕಳಿಸಿದರು. ಯಾರಿಗೆ? ಇಂಥವರಿಗೆ ಎಂದಿಲ್ಲ. ಕೇಳುವ ಹಡಗು ಯಾವುದಾದರೂ ಇದ್ದರೆ ಕೇಳಲಿ, ಅಮೆರಿಕಕ್ಕೆ ಸುದ್ದಿ ಮುಟ್ಟಲಿ ಎಂದು. ಸುದ್ದಿ ಕೇಳುವ ರಿಸೀವರ್ ಮಾತ್ರ ಸರಿಯಾಗಲಿಲ್ಲ. ಹಾಗಾಗಿ ತಮ್ಮ ಮಾತು ಯಾರಿಗಾದರೂ ತಲುಪಿತೇ ಎಂಬುದು ಕಳಿಸಿದವರಿಗೇ ಗೊತ್ತಾಗಲಿಲ್ಲ. ಜಗತ್ತಿನ ಮೊದಲ ರೇಡಿಯೋ ಪ್ರಸಾರವೇ ಇದು ಎಂದು ಹೇಳುವವರೂ ಇದ್ದಾರೆ.

ಆ ಯಂತ್ರ ಹಡಗಿನದು, ಕಿಡಿ ಹಾರಿಸಿ ಅಲೆ ಎಬ್ಬಿಸುವ ಜಾತಿಯದು. ಕಿಡಿ ಯಂತ್ರಕ್ಕೆ ಕಂಪನಾಂಕದ ಸ್ಥಿರತೆ ದೊಡ್ಡ ಮಾತಲ್ಲ. ತಗಡಿನ ಡಬ್ಬಕ್ಕೆ ಕೋಲಿನಿಂದ ಹೊಡೆದಂತೆ ಅದರ ಸದ್ದು ಅತ್ತಿತ್ತ ಎಲ್ಲ ಕಡೆ ಚೆಲ್ಲುತ್ತದೆ. ರಿಸೀವರಿನ ಮುಳ್ಳು ಸ್ವಲ್ಪ ಆಚೀಚೆ ಇದ್ದರೂ ಕೇಳುತ್ತದೆ. ವಾಲ್ವ್ ಬಂದ ಮೇಲೆ ಆಟ ಬದಲಾಯಿತು. ವಾಲ್ವ್ ಎಬ್ಬಿಸುವ ಅಲೆ ಕೊಳಲಿನ ಸ್ವರದ ಹಾಗೆ, ಒಂದೇ ಕಂಪನಾಂಕದಲ್ಲಿ ಎಳೆದು ನಿಲ್ಲುವಂಥದ್ದು. ಆ ಅಲೆಯ ಎತ್ತರವನ್ನು ಮಾತಿಗೆ, ಹಾಡಿಗೆ ತಕ್ಕಂತೆ ಏರಿಳಿಸಿದರೆ ಅದೇ ಎ.ಎಂ. ಪ್ರಸಾರ. ಸ್ವರ ಶುದ್ಧವಾದ ಕೂಡಲೇ ಅಪಸ್ವರವೂ ಎದ್ದು ಕೇಳತೊಡಗಿತು.

ಸ್ವಾತಂತ್ರ್ಯ ಬಂದ ಮೇಲೆ ಐರ್ಲೆಂಡಿನ ಸ್ವಂತ ನಿಲಯ 1926ರ ಜನವರಿ 1ರಂದು ಡಬ್ಲಿನ್ನಿನಲ್ಲಿ ಶುರುವಾಯಿತು. ಹೆಸರು 2ಆರ್‌ಎನ್. ಇಂಗ್ಲಿಷಿನಲ್ಲಿ ಬೇಗ ಹೇಳಿದರೆ 'ಟು ಎರಿನ್', ಐರ್ಲೆಂಡಿಗೆ, ಎಂದು ಕೇಳುತ್ತದೆ. ಉದ್ಘಾಟನೆ ಮಾಡಿದವರು ಡಗ್ಲಸ್ ಹೈಡ್. ಸಾಯುತ್ತಿದ್ದ ಐರಿಷ್ ಭಾಷೆಯನ್ನು ಉಳಿಸಲು 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಒಬ್ಬರು, ಮುಂದೆ 1938ರಲ್ಲಿ ದೇಶದ ಮೊದಲ ರಾಷ್ಟ್ರಾಧ್ಯಕ್ಷರಾದವರು. ಅದೇ 1926ರ ಕೊನೆಗೆ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ದಂಗೆಯ ವಾರದಲ್ಲಿ ಕಳ್ಳತನದಿಂದ ಸುದ್ದಿ ಕಳಿಸಿದ ದೇಶ, ತನ್ನದೇ ಸರ್ಕಾರ ಬಂದ ಹತ್ತು ವರ್ಷದೊಳಗೆ, ಪರವಾನಗಿ ಇಲ್ಲದೆ ಯಾರೂ ಮಾತಾಡಕೂಡದು ಎಂದಿತು. ನಗು ಬರುತ್ತದೆ, ಆದರೆ ಕಾಯ್ದೆಗೂ ಕಾರಣ ಇತ್ತು. ಯೂರೋಪಿನಲ್ಲಿ ಆಗ ನಿಲಯಗಳು ಅಣಬೆಯಂತೆ ಎದ್ದು ಒಂದರ ಮೇಲೊಂದು ಕೂಗುತ್ತಿದ್ದವು. ನಿಲಯಗಳ ಒಕ್ಕೂಟ ಜಿನೀವಾದಲ್ಲಿ ಸೇರಿ 1926ರಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ಹಂಚಿಕೊಂಡಿತು. ಹಂಚಿದರೆ ಸಾಲದು, ನಿಂತಿದ್ದಾರೆಯೇ ಎಂದು ನೋಡಬೇಕಲ್ಲ. ಅದಕ್ಕಾಗಿ ಬ್ರಸೆಲ್ಸ್‌ನಲ್ಲಿ ರೇಮಂಡ್ ಬ್ರಾಯಾರ್ ಎಂಬ ಎಂಜಿನಿಯರ್ ಕೈಕೆಳಗೆ ಒಂದು ಅಳತೆಯ ಕೇಂದ್ರವೇ ಹುಟ್ಟಿತು. ಒಂದೊಂದು ನಿಲಯವನ್ನೂ ಹಿಡಿದು ಅದು ಎಷ್ಟು ಜಾರಿದೆ ಎಂದು ಪಟ್ಟಿ ಮಾಡುವುದೇ ಅಲ್ಲಿಯ ಕೆಲಸ.

1932ರಲ್ಲಿ ಅಥ್ಲೋನ್ ಊರಿನಲ್ಲಿ ಐರ್ಲೆಂಡ್ ದೊಡ್ಡ ಟ್ರಾನ್ಸ್‌ಮಿಟರ್ ನಿಲ್ಲಿಸಿತು. ಆ ಕಾಲದ ರೇಡಿಯೋ ಪೆಟ್ಟಿಗೆಗಳ ಗಾಜಿನ ಮೇಲೆ ಲಂಡನ್, ಪ್ಯಾರಿಸ್, ರೋಮ್ ಜೊತೆಗೆ ಅಥ್ಲೋನ್ ಎಂಬ ಹೆಸರೂ ಅಚ್ಚಾಗಿರುತ್ತಿತ್ತು. ಹೆಸರನ್ನು ಗಾಜಿನ ಮೇಲೆ ಅಚ್ಚು ಹಾಕಬೇಕಾದರೆ ನಿಲಯ ವರ್ಷಗಟ್ಟಲೆ ಕದಲಬಾರದು.

ಹೆಚ್ಚು ಕಡಿಮೆ ಇದೇ ಸಮಯಕ್ಕೆ ನಮ್ಮ ಮೈಸೂರಿನಲ್ಲೂ ಒಂದು ಮನೆಯ ನಿಲಯ ಎದ್ದಿತು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ 30 ವ್ಯಾಟ್‌ನ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿದರು. 30 ವ್ಯಾಟ್ ಎಂದರೆ ಒಂದು ಸಣ್ಣ ಬಲ್ಬು ಎಳೆಯುವಷ್ಟು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಮೈಸೂರಿಗೂ ಡಬ್ಲಿನ್ನಿಗೂ ಒಂದು ವ್ಯತ್ಯಾಸ. ಇಲ್ಲಿ ಮನೆಯಲ್ಲಿ ಕಟ್ಟಿದ ನಿಲಯವನ್ನು ಮುಂದೆ ಮೈಸೂರು ಸರ್ಕಾರವೇ ಕೈಗೆತ್ತಿಕೊಂಡು ಬೆಳೆಸಿತು. ಅಲ್ಲಿ ಮನೆಯಲ್ಲಿ ಕಟ್ಟಿದವನ ಬಾಗಿಲು ಬಡಿಯಲು ಅಂಚೆ ಮತ್ತು ತಂತಿ ಇಲಾಖೆಯವರು ಬರುತ್ತಿದ್ದರು.

ಆದರೂ ಅವರು ಯಾಕೆ ಕಟ್ಟಿದರು? 1980ರ ದಶಕದ ಕೊನೆಯವರೆಗೂ ಗಣರಾಜ್ಯದಲ್ಲಿ ಕಾನೂನುಬದ್ಧವಾಗಿ ಇದ್ದದ್ದು ಸರ್ಕಾರಿ ರೇಡಿಯೋ ಒಂದೇ. ಹುಡುಗರಿಗೆ ಬೇಕಾದ ಹಾಡು ಅದರಲ್ಲಿ ಸಿಗುತ್ತಿರಲಿಲ್ಲ. 1964ರ ಈಸ್ಟರ್ ಹೊತ್ತಿಗೆ ಇಂಗ್ಲೆಂಡಿನ ಕರಾವಳಿಯ ಆಚೆ ಹಡಗಿನಿಂದ ರೇಡಿಯೋ ಕ್ಯಾರೊಲೈನ್ ಹಾಡತೊಡಗಿತು. ಅದನ್ನು ಕಟ್ಟಿದ ರೋನನ್ ಓ'ರಾಹಿಲಿ ಐರಿಷ್ ಯುವಕ. ಹಡಗನ್ನು ಸಜ್ಜು ಮಾಡಿದ್ದು ಅವನ ತಂದೆಯ ಗ್ರೀನೋರ್ ಬಂದರಿನಲ್ಲಿ. ಅವನ ಅಜ್ಜ 1916ರ ಆ ಅಂಚೆ ಕಚೇರಿಯಿಂದ ಹೊರನುಗ್ಗಿ ಗುಂಡಿಗೆ ಬಲಿಯಾದ ನಾಯಕರಲ್ಲಿ ಒಬ್ಬರು. ಕ್ಯಾರೊಲೈನ್ ತನ್ನ ಜಾಗ 199 ಮೀಟರ್ ಎಂದು ಹೇಳಿಕೊಳ್ಳುತ್ತಿತ್ತು. ನಿಜದಲ್ಲಿ ಇದ್ದದ್ದು 1,520 ಕಿಲೋಹರ್ಟ್ಸ್, ಅಂದರೆ 197 ಮೀಟರ್ ಚಿಲ್ಲರೆ. 'ನೈನ್' ಎಂದರೆ 'ಕ್ಯಾರೊಲೈನ್'ಗೆ ಪ್ರಾಸ ಕೂಡುತ್ತದೆ ಎಂದು ಈ ಸುಳ್ಳು! ಆದರೆ ಅದರ ಟ್ರಾನ್ಸ್‌ಮಿಟರ್‌ಗಳು ಕಾರ್ಖಾನೆಯಲ್ಲಿ ಮಾಡಿದವು, ಹತ್ತು ಕಿಲೋವ್ಯಾಟ್‌ನವು. ನಮಗೆ ಬೇಕಾದ ಬಡವರ ಕತೆ ದಡದ ಮೇಲಿನದು.

1966ರಲ್ಲಿ ಹುಟ್ಟಿದ ರೇಡಿಯೋ ಡಬ್ಲಿನ್ ಆ ಕತೆಯ ದೊಡ್ಡ ಹೆಸರು. ಬಹಳ ವರ್ಷ ವಾರದ ಕೊನೆಗಷ್ಟೇ ಹಾಡುತ್ತಿದ್ದ ನಿಲಯ ಅದು, ಮಧ್ಯಮ ತರಂಗದಲ್ಲಿ 253 ಮೀಟರ್ ಅದರ ಗುರುತು. ಅಂಥ ನಿಲಯಗಳ ಯಂತ್ರಗಳು ಹೇಗಿರುತ್ತಿದ್ದವು ಎಂದರೆ, 807 ಎಂಬ ವಾಲ್ವ್ ಒಂದೋ ಎರಡೋ. ಎರಡನೇ ಮಹಾಯುದ್ಧದ ಸೈನ್ಯದ ಸೆಟ್‌ಗಳಲ್ಲಿ ಹೇರಳವಾಗಿದ್ದ ಈ ವಾಲ್ವ್ ಯುದ್ಧ ಮುಗಿದ ಮೇಲೆ ಸರ್ಪ್ಲಸ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ನಮ್ಮ ದೇಶದ ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೂ ಅದು ಹಳೆಯ ಗೆಳೆಯ. ತಗಡಿನ ಚಾಸಿ, ತಾಮ್ರದ ತಂತಿ ಸುತ್ತಿದ ಕಾಯಿಲ್, ಹಳೆ ರೇಡಿಯೋದಿಂದ ಕಿತ್ತ ಕಂಡೆನ್ಸರ್, ಐನೂರು ಆರುನೂರು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್. ಆ ವೋಲ್ಟೇಜು ಮುಟ್ಟಿದರೆ ಆಳು ಉಳಿಯುವುದಿಲ್ಲ. (ಇದನ್ನು ಓದಿ ಕ್ಯಾಂಪಿನ ರೂಮಿನಲ್ಲಿ ಯಾರೂ ಶುರು ಮಾಡಬೇಡಿ. ಶಾಕ್ ಹೊಡೆಯದಿದ್ದರೆ ಇಲ್ಲಿಯ ಕಾನೂನು ಹೊಡೆಯುತ್ತದೆ.)

ಕಾಯಿಲ್ ಮತ್ತು ಕಂಡೆನ್ಸರ್ ಸೇರಿ ಕಂಪನಾಂಕವನ್ನು ತೀರ್ಮಾನಿಸುತ್ತವೆ. ವಾಲ್ವ್ ಬಿಸಿಯಾದ ಹಾಗೆ ಚಾಸಿ ಬಿಸಿಯಾಗುತ್ತದೆ, ಕಾಯಿಲ್ ಹಿಗ್ಗುತ್ತದೆ, ಕಂಡೆನ್ಸರಿನ ಬೆಲೆ ಬದಲಾಗುತ್ತದೆ. ಕಂಡೆನ್ಸರ್ ಸಾವಿರಕ್ಕೆ ಎರಡು ಪಾಲು ಹೆಚ್ಚಿದರೆ ಕಂಪನಾಂಕ ಸಾವಿರಕ್ಕೆ ಒಂದು ಪಾಲು ಇಳಿಯುತ್ತದೆ. ಕೇಳಲು ಏನೂ ಅಲ್ಲ. ಆದರೆ 1,188 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 1,200 ಹರ್ಟ್ಸ್ ಆಯಿತು. ಅಕ್ಕಪಕ್ಕದ ದೇಶದ ನಿಲಯ ಅದೇ ಜಾಗದಲ್ಲಿದ್ದರೆ ಎರಡರ ವ್ಯತ್ಯಾಸವೇ 1,200 ಹರ್ಟ್ಸ್‌ನ ಸಿಳ್ಳೆಯಾಗಿ ಹಾಡಿನ ಮೇಲೆ ಕೂತುಬಿಡುತ್ತದೆ. ರಾತ್ರಿ ಹೊತ್ತು ಮಧ್ಯಮ ತರಂಗ ನೂರಾರು ಮೈಲಿ ಹಾರುವುದರಿಂದ ಕತ್ತಲಾದ ಮೇಲೆ ಈ ಕಾಟ ಹೆಚ್ಚು. ಊರಲ್ಲಿ ಹಳೆ ವಾಲ್ವ್ ರೇಡಿಯೋ ಇದ್ದವರಿಗೆ ಆ 'ಕುಂಯ್' ಎಂಬ ಸದ್ದು ನೆನಪಿರಬಹುದು.

ಬಿಸಿ ಒಂದೇ ಕಾರಣವಲ್ಲ. ಏರಿಯಲನ್ನು ನೇರವಾಗಿ ಕಂಪನ ಹುಟ್ಟಿಸುವ ವಾಲ್ವಿಗೇ ಕಟ್ಟಿದರೆ, ತಂತಿ ಗಾಳಿಗೆ ತೂಗಿದಾಗಲೆಲ್ಲ ಕಂಪನಾಂಕವೂ ತೂಗುತ್ತದೆ. ಮಳೆ ಬಂದು ತಂತಿ, ಮರ, ಗೋಡೆ ನೆನೆದರೆ ಮತ್ತೆ ಬೇರೆ. ಐರ್ಲೆಂಡಿನಲ್ಲಿ ಗಾಳಿ ಮಳೆ ಇಲ್ಲದ ದಿನ ಎಷ್ಟು ಎಂದು ಅಲ್ಲಿಯ ನಮ್ಮ ನರ್ಸ್‌ಗಳನ್ನು ಕೇಳಿ. ಸಾಲದ್ದಕ್ಕೆ ಮೈಕಿನ ಮುಂದೆ ಜೋರಾಗಿ ಕೂಗಿದರೆ ವಿದ್ಯುತ್ ಎಳೆತ ಹೆಚ್ಚಿ ವೋಲ್ಟೇಜು ಕುಸಿಯುತ್ತದೆ, ಆ ಕ್ಷಣಕ್ಕೆ ಕಂಪನಾಂಕವೂ ಕುಂಟುತ್ತದೆ.

ಇನ್ನು ಅಳೆಯುವ ಬಗೆ. ತಂಬೂರಿ ಶ್ರುತಿ ಮಾಡುವವರನ್ನು ನೋಡಿದವರಿಗೆ ಇದು ಸುಲಭ. ಎರಡು ತಂತಿ ಹತ್ತಿರ ಬಂದು ಇನ್ನೂ ಸೇರದಿದ್ದಾಗ 'ವಂವ್ ವಂವ್' ಎಂದು ಒಂದು ಅಲೆ ಕೇಳುತ್ತದೆ. ಸೇರುತ್ತ ಬಂದ ಹಾಗೆ ಅಲೆ ನಿಧಾನವಾಗಿ, ಕೊನೆಗೆ ನಿಂತುಹೋಗುತ್ತದೆ. ರೇಡಿಯೋದಲ್ಲೂ ಅದೇ. ಗೊತ್ತಿರುವ ಕಂಪನಾಂಕವೊಂದನ್ನು ಪಕ್ಕದಲ್ಲಿಟ್ಟು ನಮ್ಮದನ್ನು ಅದರ ಜೊತೆ ಕೇಳಬೇಕು. ವ್ಯತ್ಯಾಸ ಸಾವಿರ ಹರ್ಟ್ಸ್ ಇದ್ದರೆ ಸಿಳ್ಳೆ, ನೂರಕ್ಕೆ ಇಳಿದರೆ ಗುಂಯ್‌ಗುಡುವ ಸದ್ದು. ಇಪ್ಪತ್ತಕ್ಕಿಂತ ಕೆಳಗೆ ಕಿವಿಗೆ ಸ್ವರ ಸಿಗುವುದಿಲ್ಲ, ಧ್ವನಿ ಉಬ್ಬಿ ತಗ್ಗುವುದಷ್ಟೇ ಗೊತ್ತಾಗುತ್ತದೆ. ಸೆಕೆಂಡಿಗೆ ಒಂದು ಸಲ ಉಬ್ಬಿದರೆ ವ್ಯತ್ಯಾಸ ಒಂದು ಹರ್ಟ್ಸ್. ಕೈಗಡಿಯಾರ ಹಿಡಿದು ಎಣಿಸಬಹುದು. ಹತ್ತು ಲಕ್ಷಕ್ಕೂ ಮಿಕ್ಕಿದ ಕಂಪನದಲ್ಲಿ ಒಂದರ ವ್ಯತ್ಯಾಸವನ್ನು ಕಿವಿ ಮತ್ತು ವಾಚಿನಿಂದ ಹಿಡಿಯಬಹುದು ಎಂಬುದು ನಮಗಂತೂ ಇಂದಿಗೂ ಅಚ್ಚರಿಯ ವಿಷಯ.

ಪಕ್ಕದಲ್ಲಿಡುವ ಆ ನಂಬಿಕೆಯ ತಂತಿ ಎಲ್ಲಿಂದ ಬರಬೇಕು? ಐರ್ಲೆಂಡಿನವರಿಗೆ ಅದು ಪುಕ್ಕಟೆ ಸಿಗುತ್ತಿತ್ತು, ಅದೂ ಹಳೆಯ ಒಡೆಯರಿಂದ. ಇಂಗ್ಲೆಂಡಿನ ಡ್ರಾಯಿಟ್ವಿಚ್‌ನಲ್ಲಿ 1934ರಿಂದ ಬಿಬಿಸಿಯ ದೀರ್ಘ ತರಂಗದ ಟ್ರಾನ್ಸ್‌ಮಿಟರ್ ಇತ್ತು. ಅದರ ಕಂಪನಾಂಕ 200 ಕಿಲೋಹರ್ಟ್ಸ್, ಬಹಳ ನಿಖರವಾಗಿ ಕಾಪಾಡಿದ್ದು. ಸಮುದ್ರ ದಾಟಿ ಐರ್ಲೆಂಡಿಗೂ ಚೆನ್ನಾಗಿ ಕೇಳುತ್ತಿತ್ತು. ಹವ್ಯಾಸಿಗಳು 100 ಕಿಲೋಹರ್ಟ್ಸ್‌ನ ಸಣ್ಣ ಕ್ರಿಸ್ಟಲ್ ಯಂತ್ರವೊಂದನ್ನು ಮಾಡಿಕೊಂಡು, ಅದರ ಎರಡರಷ್ಟನ್ನು ಡ್ರಾಯಿಟ್ವಿಚ್ ಜೊತೆ ಶ್ರುತಿ ಸೇರಿಸುತ್ತಿದ್ದರು. ಆಮೇಲೆ ಅದರ ಹತ್ತರಷ್ಟು 1,000, ಹನ್ನೆರಡರಷ್ಟು 1,200 ಕಿಲೋಹರ್ಟ್ಸ್ ಹೀಗೆ ಮಧ್ಯಮ ತರಂಗದ ಉದ್ದಕ್ಕೂ ಮೈಲಿಗಲ್ಲು ನೆಟ್ಟಂತೆ ಗುರುತುಗಳು ಸಿಗುತ್ತವೆ. ನಡುವಿನ ಜಾಗ ಅಳೆಯಲು ಅಮೆರಿಕದ ಸೈನ್ಯದ ಬಿಸಿ-221 ಎಂಬ ಮೀಟರ್ ಸಿಕ್ಕವರು ಪುಣ್ಯವಂತರು. ಯುದ್ಧದ ಸರ್ಪ್ಲಸ್‌ನಲ್ಲಿ ಬಂದ ಆ ಪೆಟ್ಟಿಗೆ ಒಂದೊಂದಕ್ಕೂ ಅದರದ್ದೇ ಅಳತೆಯ ಪುಸ್ತಕ ಇರುತ್ತಿತ್ತು. ಒಂದರ ಪುಸ್ತಕ ಇನ್ನೊಂದಕ್ಕೆ ಬರುವುದಿಲ್ಲ. ಪುಸ್ತಕ ಕಳೆದುಹೋದರೆ ಮೀಟರ್ ಬರೀ ಭಾರ.

ಸ್ಥಿರತೆಯನ್ನು ಒಂದು ಸಲ ಅಳೆದು ತಿಳಿಯಲಾಗುವುದಿಲ್ಲ. ಇದು ನಮ್ಮ ಫಾರ್ಮಸಿಯವರಿಗೆ ಚೆನ್ನಾಗಿ ಗೊತ್ತು. ಇನ್ಸುಲಿನ್ ಇಡುವ ಫ್ರಿಜ್ಜು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಈಗ 5 ಇದೆ ಎಂದರೆ ರಾತ್ರಿ ಎಷ್ಟಿತ್ತು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಹೊತ್ತು ಹೊತ್ತಿಗೆ ಓದಿ ಚಾರ್ಟಿನಲ್ಲಿ ಬರೆಯುವುದು. ಥರ್ಮಾಮೀಟರ್ ಯಾವಾಗಲೂ ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಕಳೆದುಕೊಂಡು ಓದಬಹುದು, ದಿನಕ್ಕೊಂದು ಥರ ತೋರಿಸಿದರೆ ಎಸೆಯಬೇಕು. ಟ್ರಾನ್ಸ್‌ಮಿಟರಿಗೂ ಹೀಗೇ ಚಾರ್ಟು. ತಣ್ಣಗಿರುವ ಯಂತ್ರಕ್ಕೆ ಸ್ವಿಚ್ ಹಾಕಿ, ಮೊದಲ ಅರ್ಧ ಗಂಟೆ ನಿಮಿಷ ನಿಮಿಷಕ್ಕೆ, ಆಮೇಲೆ ಕಾಲು ಗಂಟೆಗೊಮ್ಮೆ ವ್ಯತ್ಯಾಸ ಬರೆಯಬೇಕು. ಗೆರೆ ಎಳೆದರೆ ಮೊದಲು ಕಡಿದಾಗಿ ಜಾರಿ ಆಮೇಲೆ ಚಪ್ಪಟೆಯಾಗುವ ಇಳಿಜಾರು ಬರುತ್ತದೆ. ಬಿಸಿಯಿಂದಾದ ಜಾರಿಕೆ ಎಂದರೆ ಇದು. ಚಪ್ಪಟೆಯಾದ ಮೇಲೂ ಅಲ್ಲಲ್ಲಿ ನೆಗೆತ ಕಂಡರೆ ಬೆಸುಗೆ ಸಡಿಲ, ಇಲ್ಲವೇ ಏರಿಯಲ್ ಕಾಟ. ಹಾಡಿನ ತಾಳಕ್ಕೆ ತಕ್ಕಂತೆ ಕುಣಿದರೆ ವೋಲ್ಟೇಜಿನದು. ರೋಗಿಯ ಜ್ವರದ ಚಾರ್ಟು ನೋಡಿ ಡಾಕ್ಟರು ರೋಗ ಊಹಿಸುವ ಹಾಗೆ.

ಮದ್ದೂ ಅದರಂತೆಯೇ. ಕಂಪನ ಹುಟ್ಟಿಸುವ ವಾಲ್ವನ್ನು ಸಣ್ಣದಾಗಿ ಬೇರೆ ಇಟ್ಟು, ಅದಕ್ಕೂ ಏರಿಯಲಿಗೂ ನಡುವೆ ತಡೆಗೋಡೆಯಂತೆ ಇನ್ನೊಂದು ವಾಲ್ವ್. ವೋಲ್ಟೇಜು ಕದಲದಂತೆ ಹಿಡಿಯುವ ವಿಆರ್-150 ಎಂಬ ನೇರಳೆ ಬೆಳಕಿನ ಗ್ಯಾಸ್ ವಾಲ್ವ್. ಪ್ರಸಾರಕ್ಕೆ ಅರ್ಧ ಗಂಟೆ ಮೊದಲೇ ಹೀಟರ್ ಹಾಕಿ ಯಂತ್ರ ಕಾಯಲು ಬಿಡುವುದು. ಎಲ್ಲಕ್ಕಿಂತ ದೊಡ್ಡ ಮದ್ದು ಕ್ವಾರ್ಟ್ಜ್ ಕ್ರಿಸ್ಟಲ್. ಬೇಕಾದ ಕಂಪನಾಂಕಕ್ಕೆ ತಕ್ಕ ದಪ್ಪಕ್ಕೆ ಉಜ್ಜಿದ ಬಿಲ್ಲೆ ಅದು. ಸಾಮಾನ್ಯ ಕೊಯ್ತದ ಬಿಲ್ಲೆಯಾದರೆ 1,000 ಕಿಲೋಹರ್ಟ್ಸ್‌ಗೆ ಸುಮಾರು 1.7 ಮಿಲಿಮೀಟರ್. ಹತ್ತು ಲಕ್ಷಕ್ಕೆ ಹತ್ತಿಪ್ಪತ್ತು ಪಾಲಿಗಿಂತ ಹೆಚ್ಚು ಅದು ಜಾರುವುದಿಲ್ಲ. 1,188 ಕಿಲೋಹರ್ಟ್ಸ್‌ನಲ್ಲಿ ಇದು ಹನ್ನೆರಡರಿಂದ ಇಪ್ಪತ್ನಾಲ್ಕು ಹರ್ಟ್ಸ್. ಅಂತಾರಾಷ್ಟ್ರೀಯ ನಿಯಮದಲ್ಲಿ ಮಧ್ಯಮ ತರಂಗದ ನಿಲಯಕ್ಕೆ ಇರುವ ಸಡಿಲಿಕೆ 10 ಹರ್ಟ್ಸ್ ಮಾತ್ರ. ಮನೆಯಲ್ಲಿ ಕಟ್ಟಿದ ಯಂತ್ರ ಆ ಗೆರೆಯ ಹತ್ತಿರಕ್ಕೆ ಬಂದರೆ ಅದು ಆಟಿಕೆಯಾಗಿ ಉಳಿಯಲಿಲ್ಲ. ಕೇಳುಗ ನಿನ್ನೆ ಮುಳ್ಳು ನಿಲ್ಲಿಸಿದ ಜಾಗದಲ್ಲೇ ಇಂದೂ ಸಿಗುತ್ತದೆ.

ಹಾಡಿಗಾಗಿ ಮಾಡಿದವರೇ ಹೆಚ್ಚು, ನಿಜ. ಭಾಷೆಗಾಗಿ ಮಾಡಿದವರೂ ಇದ್ದರು. ಪಶ್ಚಿಮ ಕರಾವಳಿಯ ಕಾನಮಾರಾದಲ್ಲಿ ಐರಿಷ್ ಮನೆಮಾತಾಗಿ ಉಳಿದಿತ್ತು. ತಮ್ಮ ಭಾಷೆಯಲ್ಲಿ ರೇಡಿಯೋ ಬೇಕು ಎಂದು ಅಲ್ಲಿಯವರು ಕೇಳಿ ಕೇಳಿ ಸೋತರು. 1970ರ ಈಸ್ಟರ್ ಹೊತ್ತಿಗೆ ರೋಸ್ಮಕ್ ಎಂಬ ಹಳ್ಳಿಯಿಂದ 'ಸೇರ್ ರೇಡಿಯೋ ಕೊನಮಾರಾ' ಎಂಬ ಪರವಾನಗಿ ಇಲ್ಲದ ನಿಲಯ ಮಧ್ಯಮ ತರಂಗದಲ್ಲಿ ಮಾತಾಡಿತು, ಪೂರ್ತಿ ಐರಿಷ್‌ನಲ್ಲಿ. ಹೆಸರಿನ ಅರ್ಥ ಸ್ವತಂತ್ರ ಕಾನಮಾರಾ ರೇಡಿಯೋ. ಎರಡು ವರ್ಷದಲ್ಲಿ, 1972ರ ಏಪ್ರಿಲ್ 2ರಂದು, ಸರ್ಕಾರವೇ ಐರಿಷ್ ಭಾಷೆಯ ರೇಡಿಯೋ ನ ಗೇಲ್ಟಾಕ್ಟ್ ಆರಂಭಿಸಿತು. ಅದರ ಮುಖ್ಯ ಕಚೇರಿ ಇರುವುದು ಕಾನಮಾರಾದಲ್ಲೇ. ಕಾನೂನು ಮುರಿದವರ ಪರ ವಕಾಲತ್ತು ನಮ್ಮ ಕೆಲಸವಲ್ಲ. ಆದರೂ ಈ ಒಂದು ಪ್ರಕರಣದಲ್ಲಿ ನಮ್ಮ ಮನಸ್ಸು ಹಳ್ಳಿಯವರ ಕಡೆಗೇ ವಾಲುತ್ತದೆ.

ಡಬ್ಲಿನ್ನಿನಲ್ಲಿ 1978ರ ಜನವರಿಯಲ್ಲಿ ರೇಡಿಯೋ ಡಬ್ಲಿನ್ ಮೇಲೆ ದಾಳಿಯಾಯಿತು. ಜನ ಬೀದಿಗಿಳಿದರು, ನಿಲಯ ಮತ್ತೆ ಎದ್ದಿತು. ಅದೇ ವರ್ಷ ನವೆಂಬರ್ 23ರಂದು ಜಿನೀವಾದ ಹೊಸ ಹಂಚಿಕೆ ಜಾರಿಗೆ ಬಂತು. ಮಧ್ಯಮ ತರಂಗದ ನಿಲಯಗಳೆಲ್ಲ 9 ಕಿಲೋಹರ್ಟ್ಸ್ ಅಂತರದಲ್ಲಿ, 9ರಿಂದ ಭಾಗವಾಗುವ ಸಂಖ್ಯೆಯ ಮೇಲೆ ನಿಲ್ಲಬೇಕು. ಅಥ್ಲೋನ್‌ನ ಜಾಗ 567 ಆಯಿತು. ನಮ್ಮ ದೇಶಕ್ಕೂ ಇದೇ ಲೆಕ್ಕ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1,089. ಯಾವುದನ್ನು ಬೇಕಾದರೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಪರವಾನಗಿ ಇಲ್ಲದ ರೇಡಿಯೋ ಡಬ್ಲಿನ್ ಕೂಡ 253 ಮೀಟರಿನ ಹಳೆ ಜಾಗದಿಂದ ಸ್ವಲ್ಪ ಸರಿದು 1,188ಕ್ಕೆ ಬಂತು. ಅದೂ 9ರ ಮಗ್ಗಿಯೇ. ಕಳ್ಳನಾದರೂ ಸಾಲಿನಲ್ಲಿ ನಿಂತ. ನಿಲ್ಲದಿದ್ದರೆ ಎರಡು ಕಡೆಯಿಂದ ಸಿಳ್ಳೆ ಬೀಳುತ್ತಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 1979ರ ಮೇ 31ರಂದು ಸರ್ಕಾರಿ ಸಂಸ್ಥೆಯೇ ಹುಡುಗರಿಗಾಗಿ ರೇಡಿಯೋ 2 ಆರಂಭಿಸಿತು. 1980ರ ದಶಕದಲ್ಲಿ ರೇಡಿಯೋ ನೋವಾ, ಸನ್‌ಶೈನ್‌ನಂಥ ಹಣವಂತ ಕಳ್ಳ ನಿಲಯಗಳು ಬಂದವು, ಮನೆಯ ವಾಲ್ವ್ ಯಂತ್ರಗಳ ಕಾಲ ಹಿಂದೆ ಸರಿಯಿತು. 1983ರ ಮೇ ತಿಂಗಳಲ್ಲಿ ಇವೆರಡರ ಮೇಲೂ ದಾಳಿ ನಡೆಯಿತು. 1988ರ ಹೊಸ ಕಾಯ್ದೆಗಳಿಂದ ಖಾಸಗಿ ರೇಡಿಯೋಗೆ ಪರವಾನಗಿ ಸಿಗುವ ದಾರಿಯಾಯಿತು, ಕಳ್ಳ ರೇಡಿಯೋಗೆ ಕಠಿಣ ಶಿಕ್ಷೆ. ಆ ವರ್ಷದ ಡಿಸೆಂಬರ್ 31ರೊಳಗೆ ಹೆಚ್ಚಿನ ನಿಲಯಗಳು ಕೇಳುಗರಿಗೆ ವಿದಾಯ ಹೇಳಿದವು. ಅದೇ 1988ರಲ್ಲಿ ಡ್ರಾಯಿಟ್ವಿಚ್ ಕೂಡ 9ರ ಮಗ್ಗಿಗೆ ಸೇರಲು 200ರಿಂದ 198ಕ್ಕೆ ಸರಿಯಿತು. ಹವ್ಯಾಸಿಗಳ ಸುಲಭದ ಮೈಲಿಗಲ್ಲು ಅಲ್ಲಿಗೆ ಹೋಯಿತು.

ಐರ್ಲೆಂಡಿನ ಸರ್ಕಾರಿ ರೇಡಿಯೋ ತನ್ನ 567ರ ಮಧ್ಯಮ ತರಂಗವನ್ನು 2008ರ ಮಾರ್ಚ್ 24ರಂದು ನಿಲ್ಲಿಸಿತು. 252 ಕಿಲೋಹರ್ಟ್ಸ್‌ನ ದೀರ್ಘ ತರಂಗ ಉಳಿಯಿತು. ಅದನ್ನೂ ನಿಲ್ಲಿಸುತ್ತೇವೆ ಎಂದು 2014ರಲ್ಲಿ ಹೇಳಿದಾಗ ವಿರೋಧ ಬಂದದ್ದು ಹೆಚ್ಚಾಗಿ ಇಂಗ್ಲೆಂಡಿನಿಂದ. ದುಡಿಯಲೆಂದು ಚಿಕ್ಕ ವಯಸ್ಸಿನಲ್ಲಿ ಸಮುದ್ರ ದಾಟಿ, ಕಟ್ಟಡ ಕಟ್ಟಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಅಲ್ಲೇ ಮುದುಕರಾದ ಐರಿಷ್ ಜನ ಊರಿನ ಸುದ್ದಿ, ಆಟದ ವರದಿ, ರವಿವಾರದ ಪೂಜೆ ಕೇಳುತ್ತಿದ್ದದ್ದು ಆ 252ರಲ್ಲಿ. ಇಂಟರ್ನೆಟ್ಟಿನಲ್ಲಿ ಕೇಳಿ ಎಂದರೆ ಅವರಿಗೆ ಒಗ್ಗುತ್ತಿರಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಒಂಬತ್ತು ವರ್ಷ ಮುಂದೂಡಿದರು. ಕೊನೆಗೆ 2023ರ ಏಪ್ರಿಲ್ 14ರಂದು ಸ್ವಿಚ್ ಆರಿಸಿದರು. ಅದೇ ವರ್ಷ ಜುಲೈಯಲ್ಲಿ ಮೀತ್ ಜಿಲ್ಲೆಯ ಕ್ಲಾರ್ಕ್ಸ್‌ಟೌನ್‌ನಲ್ಲಿದ್ದ 248 ಮೀಟರ್ ಎತ್ತರದ ಕಂಬವನ್ನೂ ಉರುಳಿಸಿದರು.